ಮಕ್ಕಳ ಹವ್ಯಾಸ: ಆ ಫೋಟೊ ತಿರುಗಿಸಿ ನೋಡಿ

ಈ ತಿಂಗಳ ಪತ್ರ ಜರ್ಮನಿಯಿಂದ ಬಂದಿದೆ. ಬರೆದವರು ಇಬ್ಬರು ಮಕ್ಕಳ ತಾಯಿ, ಹೆಸರು ಹಾಕಬೇಡಿ ಅಂದಿದ್ದಾರೆ. ಅವರ 13 ವರ್ಷದ ಮಗನಿಗೆ ಫ್ಲೋಮಾರ್ಕ್ಟ್‌ನಲ್ಲಿ, ಅಂದರೆ ಹಳೇ ಸಾಮಾನಿನ ಸಂತೆಯಲ್ಲಿ, ಎರಡನೇ ಮಹಾಯುದ್ಧದ ಕಾಲದ ಫೋಟೊ ಹುಡುಕುವ ಹುಚ್ಚು ಹತ್ತಿದೆಯಂತೆ. ಮೊದಲು ತಂದದ್ದು ಚರ್ಚಿಲ್ ಟೋಪಿ ಎತ್ತಿ ಜನರಿಗೆ ವಂದಿಸುವ ಪತ್ರಿಕಾ ಫೋಟೊ. ಆಮೇಲೆ ರೂಸ್‌ವೆಲ್ಟ್. ಹೋದ ತಿಂಗಳು ತಂದದ್ದು ತೆರೆದ ಕಾರಿನಲ್ಲಿ ನಿಂತು ಕೈ ಚಾಚಿರುವ ಹಿಟ್ಲರ್.

“ದುಡ್ಡು ಅವನ ಪಾಕೆಟ್ ಮನಿ. ಬೇಡ ಅನ್ನಲೇ? ಅಂದರೆ ಯಾಕೆ ಅಂತ ಏನು ಹೇಳಲಿ? ‘ಹಿಸ್ಟರಿ ತಾನೇ, ಬಿಡು’ ಅಂತಾರೆ ಇವರು. ಆದರೆ ನಮ್ಮ ದೇವರ ಮನೆ ಬಾಗಿಲಲ್ಲಿ ಕುಂಕುಮದ ಸ್ವಸ್ತಿಕ ಇದೆ. ಮಗನ ಕ್ಲಾಸಿನ ಹುಡುಗರು ಮನೆಗೆ ಬಂದುಹೋಗುತ್ತಾರೆ. ಅವರು ಏನು ಅಂದುಕೊಳ್ಳುತ್ತಾರೋ ಅನ್ನುವ ಭಯ ನನಗೆ.” ಇದು ಆ ತಾಯಿಯ ಮಾತು.

ಭಯ ಸುಳ್ಳಲ್ಲ. ಆದರೂ ನನ್ನ ಉತ್ತರ ಇಷ್ಟು: ಹವ್ಯಾಸ ನಿಲ್ಲಿಸಬೇಡಿ, ಆದರೆ ಅವನನ್ನು ಅದರ ಜೊತೆ ಒಂಟಿಯಾಗಿ ಬಿಡಲೂ ಬೇಡಿ. ಫೋಟೊದ ಮುಖ ನೋಡುವ ಮೊದಲು ಬೆನ್ನು ನೋಡುವುದನ್ನು ಕಲಿಸಿ. ಯುದ್ಧಕಾಲದಲ್ಲಿ ನಾಯಕರು ಜನರ ಮುಂದೆ ಬಂದಾಗ ತೆಗೆದ ಫೋಟೊಗಳ ಮುಂಭಾಗ ಹೆಚ್ಚಾಗಿ ನಮ್ಮನ್ನು ನಂಬಿಸುವುದಕ್ಕೆ ಮಾಡಿದ್ದು. ಅದನ್ನು ಯಾರು ತೆಗೆದರು, ಯಾರು ಹಂಚಿದರು, ಯಾರು ಒಪ್ಪಿದರು ಅನ್ನುವ ಗುಟ್ಟೆಲ್ಲ ಇರುವುದು ಹಿಂದೆ.

ಮೊದಲು ನಮ್ಮ ಬಾಯಿ

ಮಗನ ವಿಷಯಕ್ಕೆ ಹೋಗುವ ಮೊದಲು ದೊಡ್ಡವರಾದ ನಮ್ಮ ವಿಷಯ. ಊರಲ್ಲಿ ಬೆಳೆದ ನಮಗೆ ‘ಹಿಟ್ಲರ್’ ಅಂದರೆ ಬೆತ್ತ ಹಿಡಿದ ಹೆಡ್‌ಮಾಸ್ಟರು. ಹತ್ತು ಗಂಟೆಗೆ ದೀಪ ಆರಿಸು ಅನ್ನುವ ಹಾಸ್ಟೆಲ್ ವಾರ್ಡನ್ನು. ‘ನಮ್ಮನೇಲಿ ಅತ್ತೇನೇ ಹಿಟ್ಲರ್’ ಅನ್ನುವುದು ಮದುವೆ ಮನೆಯ ತಮಾಷೆ. ಬೆಂಗಳೂರಿನ ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಕೂತಿರುತ್ತದೆ. ನಮಗೆ ಅವನು ದೂರದ, ಸ್ವಲ್ಪ ಸಿನಿಮಾದಂಥ ವ್ಯಕ್ತಿ.

ನಮ್ಮ ಮಕ್ಕಳು ಓದುವ ಶಾಲೆಯಲ್ಲಿ ಹಾಗಲ್ಲ. ಅಲ್ಲಿ ಪಕ್ಕದ ಬೆಂಚಿನ ಹುಡುಗಿಯ ಮುತ್ತಜ್ಜಿಯ ಇಡೀ ಸಂಸಾರವೇ ಉಳಿದಿಲ್ಲದಿರಬಹುದು. 60 ಲಕ್ಷ ಯಹೂದಿಗಳ ಕೊಲೆ ಅವರಿಗೆ ಪಠ್ಯಪುಸ್ತಕದ ಸಂಖ್ಯೆಯಲ್ಲ, ಮನೆಯ ಆಲ್ಬಮ್ಮಿನಲ್ಲಿ ಖಾಲಿ ಬಿದ್ದ ಜಾಗ. ಇನ್ನೊಂದು ಬೆಂಚಿನ ಹುಡುಗನ ಮುತ್ತಜ್ಜ ಆ ತೆರೆದ ಕಾರಿಗೆ ಕೈ ಚಾಚಿ ನಿಂತವರಲ್ಲಿ ಒಬ್ಬನಿರಬಹುದು. ಅದನ್ನು ಹೇಳಿಕೊಳ್ಳಲು ಆ ಮನೆಯವರಿಗೆ ಇವತ್ತಿಗೂ ಸಂಕೋಚ. ನಾವು ಊಟದ ಮೇಜಿನಲ್ಲಿ ಈ ಹೆಸರನ್ನು ತಮಾಷೆಗೆ ಬಳಸುವುದನ್ನು ಬಿಟ್ಟರೆ ಮಗನಿಗೆ ಹೇಳಬೇಕಾದ ಅರ್ಧ ಹೇಳಿದ ಹಾಗೆ.

ಈ ಫೋಟೊಗಳು ಹುಟ್ಟಿದ ಬಗೆ

ಹಿಟ್ಲರನ ಫೋಟೊಗಳಲ್ಲಿ ದೊಡ್ಡ ಪಾಲು ಒಬ್ಬನೇ ಮನುಷ್ಯನ ವ್ಯವಹಾರ. ಅವನು ಮ್ಯೂನಿಕ್ಕಿನ ಹೈನ್ರಿಖ್ ಹಾಫ್‌ಮನ್. ಹಿಟ್ಲರನ ಸ್ವಂತ ಫೋಟೊಗ್ರಾಫರ್, ಆಪ್ತ ಕೂಡ. ಎಫಾ ಬ್ರೌನ್ ಕೆಲಸಕ್ಕಿದ್ದದ್ದು ಇವನ ಅಂಗಡಿಯಲ್ಲೇ. ನಾಯಕನ ಫೋಟೊಗಳನ್ನು ಪತ್ರಿಕೆಗೆ, ಪುಸ್ತಕಕ್ಕೆ, ಪೋಸ್ಟ್‌ಕಾರ್ಡಿಗೆ ಮಾರಿ ಅವನು ದೊಡ್ಡ ಶ್ರೀಮಂತನಾದ. ಭಾಷಣ ಮಾಡುವಾಗ ಕೈ ಹೇಗೆ ಎತ್ತಬೇಕು, ಮುಷ್ಟಿ ಹೇಗೆ ಬಿಗಿಯಬೇಕು ಅಂತ 1920ರ ದಶಕದಲ್ಲಿ ಹಿಟ್ಲರ್ ಇವನ ಸ್ಟುಡಿಯೋದಲ್ಲಿ ಭಂಗಿಗಳನ್ನು ಫೋಟೊ ತೆಗೆಸಿಕೊಂಡು ಅಭ್ಯಾಸ ಮಾಡುತ್ತಿದ್ದ. ಆ ಚಿತ್ರಗಳು ಹೊರಬರಬಾರದು ಅನ್ನುವುದು ಅವನ ಅಪ್ಪಣೆ. ಆದರೂ ಉಳಿದುಕೊಂಡವು. ಚೌಕದಲ್ಲಿ ಜನರ ಮುಂದೆ ‘ಆವೇಶದಲ್ಲಿ’ ಮಾತಾಡುವ ಮನುಷ್ಯ ಮೊದಲೇ ಕ್ಯಾಮೆರಾ ಮುಂದೆ ತಾಲೀಮು ಮಾಡಿದ್ದ ಅಂತ ಒಂದು ಸಲ ಗೊತ್ತಾದರೆ, ಮಗ ಆ ಫೋಟೊಗಳನ್ನು ಮೊದಲಿನ ಹಾಗೆ ನೋಡುವುದಿಲ್ಲ.

ಮ್ಯೂನಿಕ್ ಹತ್ತಿರ ಇರುವವರು ಓಡಿಯಾನ್ಸ್‌ಪ್ಲಾಟ್ಸ್ ಚೌಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. 1914ರ ಆಗಸ್ಟ್ 2ರಂದು ಮೊದಲ ಮಹಾಯುದ್ಧವನ್ನು ಸ್ವಾಗತಿಸಲು ಅಲ್ಲಿ ಸೇರಿದ್ದ ಜನಸಾಗರದ ಫೋಟೊವನ್ನು ಹಾಫ್‌ಮನ್ ತೆಗೆದಿದ್ದ. ಆ ಗುಂಪಿನ ನಡುವೆ ಆಗಿನ್ನೂ ಯಾರಿಗೂ ಗೊತ್ತಿರದ ಯುವಕ ಹಿಟ್ಲರನ ಮುಖ ಇದೆ ಅಂತ ಆ ಚಿತ್ರ ಪ್ರಕಟವಾದದ್ದು 1932ರ ಮಾರ್ಚ್‌ನಲ್ಲಿ. ಅಧ್ಯಕ್ಷ ಚುನಾವಣೆಯ ಹಿಂದಿನ ದಿನಗಳು ಅವು, ಹಿಟ್ಲರ್ ಅಭ್ಯರ್ಥಿ. ಮುಖವನ್ನು ಆಮೇಲೆ ಸೇರಿಸಿದ್ದಿರಬಹುದು ಅಂತ ಜರ್ಮನ್ ಇತಿಹಾಸಕಾರರು 2010ರ ಹೊತ್ತಿಗೆ ಗಟ್ಟಿಯಾಗಿಯೇ ಅನುಮಾನ ಎತ್ತಿದರು. ಫೋಟೊ ಎಷ್ಟು ಪ್ರಸಿದ್ಧ ಅನ್ನುವುದಕ್ಕೂ ಅದು ಎಷ್ಟು ಅಸಲಿ ಅನ್ನುವುದಕ್ಕೂ ಸಂಬಂಧ ಇಲ್ಲ ಅನ್ನಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಆಟ ಒಂದೇ ಕಡೆಯದಲ್ಲ ಅನ್ನುವುದನ್ನೂ ಮಕ್ಕಳಿಗೆ ತೋರಿಸಬೇಕು. ಇಲ್ಲದಿದ್ದರೆ ನಾವೂ ಪ್ರಚಾರವನ್ನೇ ಕಲಿಸಿದ ಹಾಗಾಗುತ್ತದೆ. 1940ರ ಜುಲೈ 31ರಂದು ಚರ್ಚಿಲ್ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಹತ್ತಿರ ಕರಾವಳಿಯ ರಕ್ಷಣೆ ನೋಡಲು ಹೋದಾಗ ಒಂದು ಟಾಮಿ ಗನ್ ಕೈಗೆ ತೆಗೆದುಕೊಂಡರು. ಬಾಯಲ್ಲಿ ಸಿಗಾರ್, ಮೈಮೇಲೆ ಪಟ್ಟೆ ಪಟ್ಟೆಯ ಸೂಟು. ಸೈನ್ಯದ ಫೋಟೊಗ್ರಾಫರ್ ಹಾರ್ಟನ್ ಕ್ಲಿಕ್ ಮಾಡಿದರು. ಪೂರ್ತಿ ಫೋಟೊದಲ್ಲಿ ಪಕ್ಕದಲ್ಲಿ ಸೈನಿಕರಿದ್ದಾರೆ. ಅವರನ್ನು ಕತ್ತರಿಸಿದರೆ ಉಳಿಯುವುದು ಶತ್ರುವಿಗೆ ಎದುರು ನಿಂತ ಒಂಟಿ ನಾಯಕ. ಬ್ರಿಟನ್ನಿಗೆ ಅದು ಧೈರ್ಯದ ಚಿತ್ರ. ಅದೇ ಚಿತ್ರವನ್ನು ಜರ್ಮನರು ಕರಪತ್ರಕ್ಕೆ ಹಾಕಿಕೊಂಡು, ಅಮೆರಿಕದ ಪೊಲೀಸರು ಡಕಾಯಿತರ ಬಗ್ಗೆ ಅಂಟಿಸುವ ಪೋಸ್ಟರಿನ ಹಾಗೆ ‘ಬೇಕಾಗಿದ್ದಾನೆ’ ಅಂತ ಬರೆದರು. ನೆಗೆಟಿವ್ ಒಂದೇ. ಕತ್ತರಿ ಮತ್ತು ಶೀರ್ಷಿಕೆ ಬೇರೆ.

ರೂಸ್‌ವೆಲ್ಟ್ ಫೋಟೊ ಮಗನ ಹತ್ತಿರ ಇದೆಯಲ್ಲ, ಅದರಲ್ಲಿ ಅವರು ಹೇಗೆ ನಿಂತಿದ್ದಾರೆ ಅಂತ ಕೇಳಿ. 1921ರಲ್ಲಿ ಕಾಯಿಲೆ ಬಂದ ಮೇಲೆ ಅವರಿಗೆ ಆಸರೆಯಿಲ್ಲದೆ ನಡೆಯಲು ಆಗುತ್ತಿರಲಿಲ್ಲ. ಆದರೆ ಗಾಲಿಕುರ್ಚಿಯಲ್ಲಿರುವ ಫೋಟೊಗಳು ಬೆರಳೆಣಿಕೆಯಷ್ಟೇ ಇವೆ, ಯಾಕೆಂದರೆ ತೆಗೆಯಲು ಬಿಡುತ್ತಿರಲಿಲ್ಲ. ಸಾರ್ವಜನಿಕ ಫೋಟೊಗಳಲ್ಲಿ ಅವರು ಕಾರಿನಲ್ಲಿ ಕೂತಿರುತ್ತಾರೆ, ಭಾಷಣದ ಮೇಜನ್ನು ಗಟ್ಟಿಯಾಗಿ ಹಿಡಿದಿರುತ್ತಾರೆ, ಇಲ್ಲವೇ ಮಗನ ತೋಳು ಹಿಡಿದಿರುತ್ತಾರೆ. 1945ರ ಮಾರ್ಚ್ 1ರಂದು ಅಮೆರಿಕದ ಸಂಸತ್ತಿನಲ್ಲಿ ಕೂತುಕೊಂಡೇ ಮಾತಾಡಿ, ಕಾಲಿಗೆ ಕಟ್ಟಿದ ಉಕ್ಕಿನ ಭಾರದ ಬಗ್ಗೆ ಮೊದಲ ಸಲ ಎಲ್ಲರ ಮುಂದೆ ಹೇಳಿಕೊಂಡರು. ಆರು ವಾರದ ಮೇಲೆ ತೀರಿಕೊಂಡರು. ಒಂದು ಕೈ ಎಲ್ಲಿದೆ ಅಂತ ನೋಡುವುದರಿಂದಲೇ ಇಷ್ಟು ಕಥೆ ಬಿಚ್ಚಿಕೊಳ್ಳುತ್ತದೆ.

ಬೆನ್ನು ಓದುವ ಪಾಠ

ಇನ್ನು ಕೈ ಕೆಲಸ. ಯುದ್ಧಕಾಲದ ಪತ್ರಿಕಾ ಫೋಟೊವನ್ನು ತಿರುಗಿಸಿದರೆ ಸಾಮಾನ್ಯವಾಗಿ ಇಷ್ಟು ಸಿಗುತ್ತದೆ.

ಒಂದು, ಏಜೆನ್ಸಿಯ ಮೊಹರು. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್, ಆ್ಯಕ್ಮಿ, ಜರ್ಮನಿಯ ಹಾಫ್‌ಮನ್ ಸಂಸ್ಥೆ, ಷೆರ್ಲ್, ಹೀಗೆ. ಫೋಟೊ ಯಾರ ಕೈಯಿಂದ ಹೊರಟಿತು ಅಂತ ಇದರಿಂದ ಗೊತ್ತಾಗುತ್ತದೆ. ನಾಜಿ ಸರ್ಕಾರ 1933ರಲ್ಲಿ ತಂದ ಸಂಪಾದಕರ ಕಾನೂನು ಯಹೂದಿಗಳನ್ನು ಪತ್ರಿಕಾ ಕೆಲಸದಿಂದ ಹೊರಹಾಕಿತು, ಫೋಟೊಗ್ರಾಫರುಗಳನ್ನೂ ಬಿಡಲಿಲ್ಲ. 1933ರಲ್ಲಿ ಜಿನೀವಾದಲ್ಲಿ ಕ್ಯಾಮೆರಾವನ್ನು ದುರುಗುಟ್ಟಿ ನೋಡುವ ಗೊಬೆಲ್ಸ್‌ನ ಪ್ರಸಿದ್ಧ ಫೋಟೊ ತೆಗೆದ ಆಲ್ಫ್ರೆಡ್ ಐಸೆನ್‌ಸ್ಟೇಟ್ ಯಹೂದಿ. 1935ರಲ್ಲಿ ಅಮೆರಿಕಕ್ಕೆ ಹೊರಟುಹೋದರು. ಅಂದಮೇಲೆ ಯುದ್ಧಕಾಲದ ಜರ್ಮನ್ ಮೊಹರು ಇರುವ ಯಾವ ಫೋಟೊವನ್ನು ನೋಡಿದರೂ ಮೊದಲ ಪ್ರಶ್ನೆ: ಇದನ್ನು ತೆಗೆಯಲು ಯಾರಿಗೆ ಅವಕಾಶ ಇತ್ತು, ಯಾರಿಗೆ ಇರಲಿಲ್ಲ?

ಎರಡು, ಸೆನ್ಸಾರ್ ಮೊಹರು. ಬ್ರಿಟನ್ನಿನ ಫೋಟೊಗಳ ಹಿಂದೆ ಪ್ರಕಟಣೆಗೆ ಒಪ್ಪಿಗೆ ಇದೆ ಅನ್ನುವ ಮುದ್ರೆ ಕಾಣಬಹುದು. ಅದು ವಾರ್ತಾ ಸಚಿವಾಲಯದ ಕೆಲಸ. ಪ್ರಜಾಪ್ರಭುತ್ವದಲ್ಲೂ ಯುದ್ಧದ ಕಾಲದಲ್ಲಿ ಚಿತ್ರ ಒಬ್ಬ ಅಧಿಕಾರಿಯ ಮೇಜು ದಾಟಿಯೇ ಬರುತ್ತಿತ್ತು.

ಮೂರು, ಶೀರ್ಷಿಕೆಯ ಚೀಟಿ. ಟೈಪ್ ಮಾಡಿದ ತೆಳು ಕಾಗದ, ಅಂಟಿಸಿದ್ದು. ಅದರ ಮೇಲೆ ಪತ್ರಿಕೆಯವರು ಫೋಟೊ ಬಳಸಿದ ದಿನದ ಮೊಹರು ಒತ್ತಿರುತ್ತಾರೆ. ಕೆಲವೊಮ್ಮೆ ಅಚ್ಚಾದ ಸುದ್ದಿಯ ತುಂಡನ್ನೇ ಕತ್ತರಿಸಿ ಅಂಟಿಸಿರುತ್ತಾರೆ. ಏಜೆನ್ಸಿ ಬರೆದದ್ದು ಒಂದು, ಪತ್ರಿಕೆ ಅಚ್ಚು ಮಾಡಿದ್ದು ಇನ್ನೊಂದು ಅಂತ ಆಗಿರುವುದೂ ಉಂಟು. ಅದನ್ನು ಕಂಡುಹಿಡಿಯುವ ಮಗು ಮುಂದೆ ವಾಟ್ಸ್‌ಆ್ಯಪ್ ಫಾರ್ವರ್ಡನ್ನು ಕಣ್ಣುಮುಚ್ಚಿ ನಂಬುವುದಿಲ್ಲ.

ನಾಲ್ಕು, ಸಂಪಾದಕರ ಗೀಟು. ಮುಂಭಾಗದಲ್ಲಿ ಕೆಂಪು ಅಥವಾ ಬಿಳಿ ಪೆನ್ಸಿಲ್ಲಿನ ಗೆರೆ, ಬಿಳಿ ಬಣ್ಣ ಬಳಿದು ಹಿನ್ನೆಲೆ ಅಳಿಸಿದ ಗುರುತು. ಕೊಳಕು ಅಂತ ಒರೆಸಲು ಹೋಗಬೇಡಿ. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು ಅನ್ನುವುದಕ್ಕೆ ಅದೇ ಸಾಕ್ಷಿ. ಇಟಲಿಯ ಮುಸೊಲಿನಿ 1937ರಲ್ಲಿ ಲಿಬಿಯಾದಲ್ಲಿ ಖಡ್ಗ ಎತ್ತಿ ಕುದುರೆ ಮೇಲೆ ಕೂತ ಫೋಟೊ ಒಂದಿದೆ. ಕುದುರೆ ಹಿಡಿದುಕೊಂಡು ನಿಂತಿದ್ದ ಆಳನ್ನು ಅಳಿಸಿ ಅದನ್ನು ಪ್ರಕಟಿಸಿದರು. ಎರಡೂ ಪ್ರತಿ ಪಕ್ಕಪಕ್ಕ ಇಟ್ಟು ತೋರಿಸಿದರೆ ಏಳು ವರ್ಷದ ತಂಗಿಗೂ ವಿಷಯ ಅರ್ಥವಾಗಿ ನಗು ಬರುತ್ತದೆ.

ಇನ್ನೂ ಒಂದು ವಿಚಿತ್ರ. ಅಮೆರಿಕ ಯುದ್ಧಕ್ಕಿಳಿದ ಮೇಲೂ ಹಿಟ್ಲರನ ಹೊಸ ಫೋಟೊಗಳು ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದವು. ಹೇಗೆ? ಶತ್ರು ದೇಶಗಳ ನಡುವೆ ಲಿಸ್ಬನ್, ಸ್ಟಾಕ್‌ಹೋಮ್ ಮೂಲಕ ಫೋಟೊ ಅದಲುಬದಲು ನಡೆಯುತ್ತಿತ್ತು, ಅಮೆರಿಕ ಸರ್ಕಾರಕ್ಕೆ ಗೊತ್ತಿದ್ದೇ ನಡೆಯುತ್ತಿತ್ತು ಅಂತ ಅಸೋಸಿಯೇಟೆಡ್ ಪ್ರೆಸ್ 2017ರಲ್ಲಿ ತಾನೇ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಆದ್ದರಿಂದ ಅಮೆರಿಕದ ಏಜೆನ್ಸಿಯ ಮೊಹರು ಇದೆ ಅಂದ ಮಾತ್ರಕ್ಕೆ ಅಮೆರಿಕದವರು ತೆಗೆದದ್ದು ಅಂತಲ್ಲ.

ಅಸಲಿಯೋ, ನಕಲಿಯೋ

ಸಂಗ್ರಹಕಾರರು ‘ಒರಿಜಿನಲ್’ ಅನ್ನುವುದು ಅಸಲು ನೆಗೆಟಿವ್‌ನಿಂದ ಆ ಕಾಲದಲ್ಲೇ ಮಾಡಿದ ಪ್ರಿಂಟನ್ನು. ಫೋಟೊ ತೆಗೆದ ಸುಮಾರು ಎರಡು ವರ್ಷದೊಳಗೆ ಹಾಗೆ ಪ್ರಿಂಟ್ ಆಗಿದ್ದರೆ ಅದು ಟೈಪ್ 1. ಅದೇ ನೆಗೆಟಿವ್‌ನಿಂದ ಬಹಳ ವರ್ಷದ ಮೇಲೆ ಮಾಡಿದ್ದು ಟೈಪ್ 2. ಪ್ರತಿಯ ಪ್ರತಿ, ಅಥವಾ ತಂತಿಯ ಮೂಲಕ ಕಳಿಸಿದ ವೈರ್‌ಫೋಟೊ, ಆ ಕಾಲದ್ದೇ ಆದರೆ ಟೈಪ್ 3. ಪ್ರತಿಯಿಂದ ತೀರಾ ಈಚೆಗೆ ಮಾಡಿದ್ದು ಟೈಪ್ 4. ಬೆಲೆ ಇಳಿಯುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ, ಮಕ್ಕಳಿಗೆ ಪತ್ತೇದಾರಿ ಆಟದ ಹಾಗೆ.

ಭೂತಗನ್ನಡಿ ಹಿಡಿದು ನೋಡಿ. ಸಾಲಾಗಿ ಚುಕ್ಕಿ ಚುಕ್ಕಿ ಕಂಡರೆ ಅದು ಪುಸ್ತಕದಿಂದಲೋ ಪತ್ರಿಕೆಯಿಂದಲೋ ಕತ್ತರಿಸಿದ ಅಚ್ಚು, ಫೋಟೊ ಅಲ್ಲ. ನಿಜವಾದ ಫೋಟೊದಲ್ಲಿ ಕಪ್ಪಿನಿಂದ ಬಿಳಿಗೆ ಛಾಯೆ ನಯವಾಗಿ ಹರಿದುಬರುತ್ತದೆ. ವೈರ್‌ಫೋಟೊದಲ್ಲಾದರೆ ಸಣ್ಣ ಗೆರೆಗಳು ಕಾಣಬಹುದು.

ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಳೇ ಫೋಟೊದ ಕಪ್ಪು ಭಾಗಗಳ ಅಂಚಿನಲ್ಲಿ ಬೆಳ್ಳಿಯಂಥ ನೀಲಿ ಹೊಳಪು ಕಾಣಿಸುವುದುಂಟು. ಕಾಗದದೊಳಗಿನ ಬೆಳ್ಳಿ ಮೇಲೆ ಬಂದದ್ದು ಅದು, ವಯಸ್ಸಿನ ಲಕ್ಷಣ.

ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ, ಕಣ್ಣಿಗೆ ಬೀಳದಂತೆ. ಕಾಗದ ಹೊಸ ಬಿಳಿ ಅಂಗಿಯ ಹಾಗೆ ನೀಲಿಯಾಗಿ ಫಳಫಳ ಹೊಳೆದರೆ ಅದು ಯುದ್ಧಕಾಲದ್ದಲ್ಲ. ಹಾಗೆ ಹೊಳೆಯುವ ರಾಸಾಯನಿಕ ಫೋಟೊ ಕಾಗದಕ್ಕೆ ಬಂದದ್ದು 1950ರ ದಶಕದಲ್ಲಿ. ಹೊಳೆಯದಿದ್ದರೆ ಅಸಲಿ ಅಂತ ಸಾಬೀತಾಗಲಿಲ್ಲ, ಇನ್ನೂ ಪರೀಕ್ಷೆಯಲ್ಲಿದೆ ಅಂತ ಮಾತ್ರ ಅರ್ಥ. ಮುಟ್ಟಿದರೆ ಪ್ಲಾಸ್ಟಿಕ್ ಹಾಗಿದ್ದರೆ ಟಾರ್ಚೂ ಬೇಡ, ಆ ಕಾಗದ ಬಂದದ್ದು ಇನ್ನೂ ಈಚೆಗೆ.

ಸಹಿ ಇರುವ ಹಿಟ್ಲರ್ ಫೋಟೊವನ್ನು ಯಾರು ಎಷ್ಟಕ್ಕೆ ಕೊಟ್ಟರೂ ಮಗ ಕೊಳ್ಳುವುದು ಬೇಡ. ನಕಲಿಗಳ ಕಾಟ ಅತಿ ಹೆಚ್ಚು ಇರುವುದು ಅಲ್ಲೇ. ಹಿಂದಿನ ಮೊಹರನ್ನೂ ನಕಲು ಮಾಡುವವರಿದ್ದಾರೆ. ಆದ್ದರಿಂದ ಒಂದೇ ಗುರುತನ್ನು ನೆಚ್ಚಬಾರದು. ಕಾಗದ, ಮೊಹರು, ಚೀಟಿ, ಬಳಕೆಯ ಗುರುತು ನಾಲ್ಕೂ ಒಂದೇ ಕಥೆ ಹೇಳಬೇಕು.

ಕೊಳ್ಳಲು ಸಿಗದ ಫೋಟೊ

ಈ ಹವ್ಯಾಸದಲ್ಲಿ ನನಗೆ ಅತಿ ದೊಡ್ಡ ಪಾಠ ಅನ್ನಿಸಿದ್ದು, ಎಷ್ಟು ಹುಡುಕಿದರೂ ಕೆಲವು ಫೋಟೊ ಸಿಗುವುದಿಲ್ಲ ಅನ್ನುವುದು. 1940ರ ಸೆಪ್ಟೆಂಬರ್ 7ರಂದು ಲಂಡನ್ ಮೇಲೆ ಬಾಂಬ್ ಸುರಿಮಳೆ ಶುರುವಾಯಿತು. ಮರುದಿನವೇ ಚರ್ಚಿಲ್ ಈಸ್ಟ್ ಎಂಡ್‌ನ ಬಡಾವಣೆಗಳಿಗೆ ಹೋದರು. ಮರುವರ್ಷ ಕೊವೆಂಟ್ರಿಯ ಚರ್ಚಿನ ಅವಶೇಷಗಳ ನಡುವೆ ನಡೆದರು. ಇವೂ ಪ್ರಚಾರದ ಫೋಟೊಗಳೇ, ಅನುಮಾನ ಇಲ್ಲ. ಆದರೆ ಮನುಷ್ಯ ಅಲ್ಲಿಗೆ ಹೋಗಿದ್ದರಿಂದ ಫೋಟೊ ಇದೆ.

ಹ್ಯಾಂಬರ್ಗ್, ಕಲೋನ್, ಬರ್ಲಿನ್ ನಗರಗಳು ಉರಿದವು. ಮನೆ ಕಳೆದುಕೊಂಡ ಜನರ ನಡುವೆ ಹಿಟ್ಲರ್ ನಿಂತ ಫೋಟೊ ಹುಡುಕಿ ನೋಡಿ. ಅವನು ಹೋಗಲಿಲ್ಲ. ಆ ಕೆಲಸಕ್ಕೆ ಹೋಗುತ್ತಿದ್ದದ್ದು ಗೊಬೆಲ್ಸ್. ಗೆಲ್ಲುತ್ತಿದ್ದಾಗ ತೆರೆದ ಕಾರಿನಲ್ಲಿ ಕಾಣುತ್ತಿದ್ದವನು 1943ರ ಸ್ಟಾಲಿನ್‌ಗ್ರಾಡ್ ಸೋಲಿನ ಮೇಲೆ ಜನರ ಮುಂದೆ ಬರುವುದನ್ನೇ ಬಹುಮಟ್ಟಿಗೆ ಬಿಟ್ಟ. ಮಗನ ಹತ್ತಿರ ಇರುವ ಫೋಟೊ ಯಾವ ವರ್ಷದ್ದು ಅಂತ ಅವನೇ ಪತ್ತೆ ಮಾಡಲಿ. ಕಾರು ತೆರೆದಿದೆ, ಜನ ನಗುತ್ತಿದ್ದಾರೆ ಅಂದರೆ ಯುದ್ಧದ ಮೊದಲರ್ಧ ಅಥವಾ ಯುದ್ಧಕ್ಕೂ ಮುಂಚಿನದು ಇರುವ ಸಾಧ್ಯತೆಯೇ ಹೆಚ್ಚು.

ಕೊನೆಕೊನೆಯ ಚಿತ್ರಗಳು 1945ರ ಮಾರ್ಚ್ ತಿಂಗಳವು. ಬರ್ಲಿನ್ನಿನ ಕಚೇರಿಯ ಹಿಂದಿನ ತೋಟದಲ್ಲಿ, ಕೋಟಿನ ಕಾಲರ್ ಎತ್ತಿಕೊಂಡು, ಬೆನ್ನು ಬಾಗಿದ ಹಿಟ್ಲರ್ ಸಾಲಾಗಿ ನಿಂತ ಹುಡುಗರಿಗೆ ಯುದ್ಧ ಪದಕ ಕೊಟ್ಟು ಕೆನ್ನೆ ತಟ್ಟುತ್ತಾನೆ. ಆ ಸಾಲಿನಲ್ಲಿ 12 ವರ್ಷದವನೂ ಇದ್ದ. ಈ ಚಿತ್ರಗಳು ಏಪ್ರಿಲ್ 20ರ ಹುಟ್ಟುಹಬ್ಬದವು ಅಂತ ಎಷ್ಟೋ ಕಡೆ ತಪ್ಪಾಗಿ ಬರೆದಿರುತ್ತಾರೆ. ನಿಮ್ಮ 13ರ ಮಗನಿಗೆ ಇದನ್ನು ತೋರಿಸಿ, ಹೆಚ್ಚು ಮಾತಾಡಬೇಡಿ. ‘ಇವನಿಗೆ ಎಷ್ಟು ವಯಸ್ಸಿರಬಹುದು?’ ಅಂತ ಒಂದೇ ಒಂದು ಪ್ರಶ್ನೆ ಸಾಕು.

ಮಕ್ಕಳ ಕೈಯಿಂದ ಫೋಟೊ ಕೂಡಿಸುವುದೂ ಹೊಸದಲ್ಲ. 1936ರಲ್ಲಿ ಹ್ಯಾಂಬರ್ಗಿನ ಸಿಗರೇಟ್ ಕಂಪನಿಯೊಂದು ಹಿಟ್ಲರನ ಜೀವನದ ಆಲ್ಬಂ ಹೊರತಂದಿತು. ಸಿಗರೇಟ್ ಪ್ಯಾಕಿನ ಕೂಪನ್ ಉಳಿಸಿಕೊಂಡರೆ ಚಿತ್ರ ಸಿಗುತ್ತಿತ್ತು, ತಂದು ಅಂಟಿಸಬೇಕು. ಚಿತ್ರ ಆರಿಸಿದವನು ಅದೇ ಹಾಫ್‌ಮನ್. ಅಪ್ಪ ಸೇದಿದ ಸಿಗರೇಟಿನ ಕೂಪನ್ ಹಿಡಿದು ಮನೆಮನೆಯ ಮಕ್ಕಳು ಸಾಲು ತುಂಬಿಸಿದರು. ಸಂತೆಯಲ್ಲಿ ಈ ಆಲ್ಬಂ ಈಗಲೂ ಕಾಣಿಸುತ್ತದೆ. ಆಲ್ಬಂ ತುಂಬಿಸುವ ಆಸೆಯನ್ನೇ ಆಗಿನವರು ಬಲೆಯಾಗಿ ಬಳಸಿದ್ದರು ಅಂತ ಇವತ್ತಿನ ಸಂಗ್ರಹಕಾರನಿಗೆ ತಿಳಿದಿರಬೇಕು.

ಕಾನೂನು, ಸ್ವಸ್ತಿಕ, ಮನೆಯ ಕಟ್ಟಳೆ

ಜರ್ಮನಿಯಲ್ಲಿ ಇಂಥ ಹಳೇ ಫೋಟೊ ಮನೆಯೊಳಗೆ ಇಟ್ಟುಕೊಳ್ಳುವುದು ಅಪರಾಧವಲ್ಲ. ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಅಪರಾಧ, ದಂಡಸಂಹಿತೆಯ 86ಎ ಕಲಮು. ಪಾಠ, ಸಂಶೋಧನೆ, ಕಲೆ, ಇತಿಹಾಸ ವರದಿಗೆ ವಿನಾಯಿತಿ ಇದೆ. ಸಂತೆಯಲ್ಲಿ ಮಾರುವವರು ಚಿಹ್ನೆಯ ಮೇಲೆ ಚೀಟಿ ಅಂಟಿಸಿರುವುದು ಇದಕ್ಕೇ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ತಮಾಷೆಗೆ ಹಾಕಿದರೂ ವಿಷಯ ಪೊಲೀಸರವರೆಗೆ ಹೋಗಬಹುದು, ಮತ್ತು 14 ತುಂಬಿದರೆ ಅಲ್ಲಿ ಕ್ರಿಮಿನಲ್ ಹೊಣೆ ಶುರು. ಆಸ್ಟ್ರಿಯಾದ ಕಾನೂನೂ ಬಿಗಿ. ಆಸ್ಟ್ರೇಲಿಯಾದಲ್ಲಿ 2024ರ ಜನವರಿಯಿಂದ ನಾಜಿ ಚಿಹ್ನೆಯ ಪ್ರದರ್ಶನ ಮತ್ತು ಮಾರಾಟಕ್ಕೆ ದೇಶವ್ಯಾಪಿ ನಿಷೇಧ ಇದೆ, ಧಾರ್ಮಿಕ, ಶೈಕ್ಷಣಿಕ ಉದ್ದೇಶಗಳಿಗೆ ವಿನಾಯಿತಿ ಕೊಟ್ಟು. ನೀವಿರುವ ದೇಶದ ನಿಯಮ ಒಮ್ಮೆ ನೋಡಿಕೊಳ್ಳಿ.

ದೇವರ ಮನೆಯ ಸ್ವಸ್ತಿಕವನ್ನು ಅಳಿಸಬೇಕಾಗಿಲ್ಲ. ಆದರೆ ಬಾಗಿಲಿಗೆ ಬಂದ ಹುಡುಗನಿಗೆ ಅದನ್ನು ನೋಡಿದ ಕೂಡಲೇ ಎದೆ ಧಸಕ್ಕೆನ್ನಬಹುದು ಅನ್ನುವುದು ನಮಗೆ ಗೊತ್ತಿರಬೇಕು. ಮಗನಿಗೆ ಎರಡು ಸಾಲಿನ ಉತ್ತರ ಬಾಯಿಪಾಠ ಇರಲಿ: ‘ಇದು ನಮ್ಮಲ್ಲಿ ಶುಭದ ಗುರುತು, ಸಾವಿರಾರು ವರ್ಷ ಹಳೆಯದು. ನಾಜಿಗಳು ತಮ್ಮ ಬಾವುಟಕ್ಕೆ ಓರೆಯಾಗಿ ಹಾಕಿಕೊಂಡದ್ದು ಅವರ ಪಕ್ಷದ ಗುರುತು. ಅದರಿಂದ ನಿಮ್ಮವರಿಗಾದ ನೋವು ನಮಗೆ ಗೊತ್ತು.’ ಎರಡನೇ ವಾಕ್ಯ ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಿದರೆ ಅದು ವಾದ ಆಗುತ್ತದೆ.

ಇನ್ನು ಮನೆಯ ಕಟ್ಟಳೆ. ನಾನು ಸೂಚಿಸುವುದು ಐದು.

ಗೋಡೆಗೆ, ಮೇಜಿಗೆ, ಫೋನಿನ ಪರದೆಗೆ ಯಾವ ಯುದ್ಧನಾಯಕನ ಫೋಟೊವೂ ಬೇಡ. ಸಂಗ್ರಹ ಫೈಲಿನಲ್ಲಿರಲಿ.

ಪ್ರತಿ ಫೋಟೊಗೆ ಒಂದು ಪುಟ ಬರವಣಿಗೆ. ಯಾರು ತೆಗೆದದ್ದು, ಎಲ್ಲಿ, ಯಾವಾಗ, ಯಾರಿಗೆ ತೋರಿಸಲು, ಏನು ಕಾಣುವುದಿಲ್ಲ. ಬರೆಯಲಾಗದಿದ್ದರೆ ಮುಂದಿನದು ಕೊಳ್ಳುವಂತಿಲ್ಲ. ಕನ್ನಡದಲ್ಲಿ ಬರೆದರೆ ಅಜ್ಜ ಅಜ್ಜಿಗೂ ಓದಿಸಬಹುದು.

ಒಬ್ಬ ನಾಯಕನ ಫೋಟೊ ಬಂದರೆ ಅದೇ ದಿನಗಳ ಸಾಮಾನ್ಯ ಜನರ ಫೋಟೊ ಒಂದು ಪಕ್ಕದಲ್ಲಿ ಬರಬೇಕು. ರೇಷನ್ ಸಾಲು, ರೈಲು ಹತ್ತುವ ಮಕ್ಕಳು, ಬಾಂಬ್ ಬಿದ್ದ ಬೀದಿ, ಇಟಲಿಯಲ್ಲಿ ಹೋರಾಡಿದ ಭಾರತೀಯ ಸೈನಿಕರು. ಆ ಯುದ್ಧದಲ್ಲಿ ನಮ್ಮ ದೇಶದ ಸುಮಾರು 25 ಲಕ್ಷ ಜನ ಸೈನ್ಯದಲ್ಲಿದ್ದರು, ಅವರ ಮುಖಗಳು ಸಂತೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹುಡುಕಲಿ.

ಕೊಳ್ಳುವ ಜಾಗ ಹಿರಿಯರು ನೋಡಿರಬೇಕು. ಅಂಚೆಚೀಟಿ, ಪೋಸ್ಟ್‌ಕಾರ್ಡ್ ಮೇಳಗಳು, ಪತ್ರಿಕೆಗಳು ತಮ್ಮ ಹಳೇ ಫೋಟೊ ಭಂಡಾರ ಮಾರಿದ ಮೇಲೆ ಬಂದ ಪ್ರಿಂಟುಗಳು ಸರಿ. ಸಾಮಾನ್ಯ ಪತ್ರಿಕಾ ಪ್ರಿಂಟು ಮನೆಮಂದಿಯ ಪಿಜ್ಜಾ ಊಟದ ಬೆಲೆಯೊಳಗೇ ಸಿಗಬಹುದು. ಪದಕ, ಕತ್ತಿ, ಸಮವಸ್ತ್ರ ರಾಶಿ ಹಾಕಿಕೊಂಡು ‘ಆ ಕಾಲವೇ ಚೆನ್ನಾಗಿತ್ತು’ ಅನ್ನುವ ವ್ಯಾಪಾರಿಯ ಹತ್ತಿರ ಮಗ ಒಬ್ಬನೇ ನಿಲ್ಲುವುದು ಬೇಡ.

ಕೊನೆಯದು ನಿಮಗೆ. ಮಗ ಕೇಳುವ ಪ್ರಶ್ನೆ ಗಮನಿಸಿ. ‘ಇದು ಯಾವ ಊರಿರಬಹುದು, ಆ ಹೆಂಗಸು ಯಾಕೆ ಕೈ ಎತ್ತಿಲ್ಲ’ ಅಂತ ಕೇಳುತ್ತಿದ್ದರೆ ಹವ್ಯಾಸ ಆರೋಗ್ಯವಾಗಿದೆ. ಒಬ್ಬನೇ ನಾಯಕನ ಫೋಟೊ, ಸಮವಸ್ತ್ರ, ಬಾವುಟ ಮಾತ್ರ ಬೇಕು ಅನ್ನತೊಡಗಿದರೆ, ನಿಮ್ಮಿಂದ ಮುಚ್ಚಿಡತೊಡಗಿದರೆ, ಕೊಳ್ಳುವುದನ್ನು ನಿಲ್ಲಿಸಿ ಮಾತು ಶುರುಮಾಡಿ. ಶಾಲೆಯ ಇತಿಹಾಸದ ಟೀಚರನ್ನೂ ಕರೆದುಕೊಳ್ಳಿ.

ನೇತಾಜಿಯ ಪ್ರಶ್ನೆ ಬಂದೇ ಬರುತ್ತದೆ

ಭಾರತೀಯ ಮನೆಯಲ್ಲಿ ಈ ಹವ್ಯಾಸ ಇದ್ದರೆ 1942ರ ಮೇ ತಿಂಗಳ ಆ ಫೋಟೊ ಒಂದು ದಿನ ಎದುರಾಗುತ್ತದೆ: ಸುಭಾಷ್ ಚಂದ್ರ ಬೋಸರು ಹಿಟ್ಲರನ ಕೈ ಕುಲುಕುವುದು. ‘ಅಮ್ಮಾ, ನಮ್ಮವರು ಇವನ ಜೊತೆ ಯಾಕೆ?’ ನುಣುಚಿಕೊಳ್ಳಬೇಡಿ. ಬ್ರಿಟಿಷರ ವಿರುದ್ಧ ನೆರವು ಕೇಳಲು ಹೋಗಿದ್ದರು, ಅವರು ಬಯಸಿದಂಥ ಸಹಾಯ ಸಿಗಲಿಲ್ಲ. ಭಾರತ ಬ್ರಿಟಿಷರ ಕೈಯಲ್ಲಿರುವುದೇ ಮೇಲು ಅಂತ ಹಿಟ್ಲರ್ ತನ್ನ ಪುಸ್ತಕದಲ್ಲಿ ಬರೆದವನು. ಆ ಫೋಟೊ ತೆಗೆಸಿಕೊಂಡದ್ದರಿಂದ ಯಾರಿಗೆ ಏನು ಲಾಭ ಅಂತ ಮಗನನ್ನೇ ಕೇಳಿ. ಬೋಸರ ಧೈರ್ಯಕ್ಕೆ ಗೌರವ ಕೊಡುತ್ತಲೇ ಆ ಕೈಕುಲುಕಿಗೆ ಸಂಕಟಪಡಬಹುದು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದನ್ನು ಹದಿಮೂರರ ಹುಡುಗ ಕಲಿಯಬಲ್ಲ.

ಸಿಂಗಪುರದ ಓದುಗರಿಗೆ ಇನ್ನೊಂದು ಅನುಕೂಲ. 1943ರ ಜುಲೈ 5ರಂದು ಬೋಸರು ಐಎನ್‌ಎ ಸೈನಿಕರ ವಂದನೆ ಸ್ವೀಕರಿಸಿದ್ದು ಪದಾಂಗ್ ಮೈದಾನದಲ್ಲಿ, ಸಿಟಿ ಹಾಲ್ ಎದುರು. ಮರುದಿನ ಅದೇ ಜಾಗದಲ್ಲಿ ಜಪಾನಿನ ಪ್ರಧಾನಿ ತೋಜೊ ಬಂದಿದ್ದರು. ಆ ಫೋಟೊಗಳ ಪ್ರತಿ ಹಿಡಿದು ಮೈದಾನದಲ್ಲಿ ನಿಂತು, ಫೋಟೊಗ್ರಾಫರ್ ಎಲ್ಲಿ ನಿಂತಿದ್ದ ಅಂತ ಮಕ್ಕಳು ಹುಡುಕಲಿ. ಒಂದು ಎಚ್ಚರಿಕೆ: ನಮ್ಮ ಮನೆಗಳಲ್ಲಿ ಚೌಕಟ್ಟು ಹಾಕಿಟ್ಟಿರುವ ನೇತಾಜಿ ಚಿತ್ರಗಳು ಹೆಚ್ಚಿನವು ಆಮೇಲಿನ ಪ್ರತಿಗಳು, ಕ್ಯಾಲೆಂಡರ್ ಅಚ್ಚುಗಳು. ಅಜ್ಜನ ಪ್ರೀತಿಗೆ ಬೆಲೆ ಇದೆ, ಅದನ್ನು ‘ಒರಿಜಿನಲ್’ ಅಂತ ಮಾರುವವನ ಮಾತಿಗಲ್ಲ.

ಜೋಪಾನ

ಫೋಟೊ ಹಿಡಿಯುವ ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿ, ಅಂಚಿನಲ್ಲಿ ಹಿಡಿಯಿರಿ. ಪಿವಿಸಿ ಕವರ್ ಬೇಡ, ಅದರ ಅನಿಲ ಫೋಟೊ ತಿನ್ನುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್, ಆಮ್ಲರಹಿತ ಕಾಗದ ಒಳ್ಳೆಯದು. ಟೇಪು, ಗೋಂದು, ಲ್ಯಾಮಿನೇಶನ್ ಮುಟ್ಟಿಸಲೇಬೇಡಿ. ಹಿಂದೆ ಏನಾದರೂ ಬರೆಯಲೇಬೇಕಾದರೆ ಮೆದು ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆಯಿರಿ, ಹಳೇ ಚೀಟಿ ಕೀಳಬೇಡಿ. ಅಟ್ಟ, ನೆಲಮಾಳಿಗೆ ಬೇಡ. ಸಿಂಗಪುರ, ದುಬೈನಂಥ ಸೆಕೆಯ ಊರಿನವರು ಡಬ್ಬಿಯೊಳಗೆ ಸಿಲಿಕಾ ಪೊಟ್ಟಣ ಇಡಿ. ಪ್ರಿಂಟ್ ಕೊಂಡ ಮಾತ್ರಕ್ಕೆ ಕಾಪಿರೈಟ್ ನಿಮ್ಮದಾಗುವುದಿಲ್ಲ ಅನ್ನುವುದೂ ನೆನಪಿರಲಿ.

ದುಡ್ಡು ಹಾಕದೆಯೂ ಕಣ್ಣು ಪಳಗಿಸಬಹುದು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಫೋಟೊಗಳನ್ನು ಆನ್‌ಲೈನ್ ಇಟ್ಟಿದೆ. ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರ 2008ರಲ್ಲಿ 80 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ವಿಕಿಮೀಡಿಯಾಕ್ಕೆ ಕೊಟ್ಟಿದೆ. ಹಾಫ್‌ಮನ್ ಸಂಗ್ರಹದ ದೊಡ್ಡ ಭಾಗಗಳು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲೂ ಮ್ಯೂನಿಕ್ಕಿನ ಬವೇರಿಯನ್ ರಾಜ್ಯ ಗ್ರಂಥಾಲಯದಲ್ಲೂ ಇವೆ. ನ್ಯೂರೆಂಬರ್ಗ್, ಮ್ಯೂನಿಕ್, ಬರ್ಲಿನ್‌ಗಳ ದಾಖಲೆ ಕೇಂದ್ರಗಳಿಗೆ ಒಂದು ಶನಿವಾರ ಕುಟುಂಬ ಸಮೇತ ಹೋಗಿಬನ್ನಿ. ಅದೇ ಫೋಟೊಗಳನ್ನು ಅಲ್ಲಿ ಯಾವ ಮಾತುಗಳ ಜೊತೆ, ಯಾವ ಚಿತ್ರಗಳ ಪಕ್ಕ ಇಟ್ಟಿದ್ದಾರೆ ಅಂತ ಮಗ ನೋಡಿದರೆ ತನ್ನ ಫೈಲನ್ನು ಹೇಗೆ ಜೋಡಿಸಬೇಕು ಅಂತ ಯಾರೂ ಹೇಳಬೇಕಾಗಿಲ್ಲ.

ಇನ್ನು ಆ ತಾಯಿಗೆ ಒಂದು ಮಾತು. ಅವನು ಹೋದ ತಿಂಗಳು ತಂದ ಫೋಟೊವನ್ನು ಎಸೆಯಬೇಡಿ, ಬಚ್ಚಿಡಲೂ ಬೇಡಿ. ಭಾನುವಾರ ತಿಂಡಿ ಆದಮೇಲೆ, ನಿಮ್ಮವರನ್ನೂ ಕೂರಿಸಿಕೊಂಡು, ಭೂತಗನ್ನಡಿ ಹಿಡಿದು ಮೂವರೂ ಅದರ ಹಿಂಭಾಗ ಓದಿ. ಆಮೇಲೆ ತಿರುಗಿಸಿ, ಕಾರಿನಲ್ಲಿ ನಿಂತವನನ್ನು ಬಿಟ್ಟು ರಸ್ತೆ ಬದಿಯ ಒಂದೊಂದೇ ಮುಖ ನೋಡಿ. ಅಲ್ಲಿ ಮಕ್ಕಳಿರುತ್ತಾರೆ. ಅವರನ್ನು ಹೆಗಲ ಮೇಲೆ ಎತ್ತಿಕೊಂಡು ಅಲ್ಲಿಗೆ ಕರೆತಂದವರು ಅವರ ಅಪ್ಪ ಅಮ್ಮಂದಿರೇ.